ಹಾಡು ಆರಿಸಿಕೊಟ್ಟವಳು ನಾನು

ಫೆಬ್ರುವರಿಯ ಒಂದು ಶನಿವಾರ ಮುಂಜಾನೆ ನಾನೂ ಮೇಧಾಳೂ ಸ್ಯಾನ್ ರಮೋನಿನ ಮನೆ ಬಿಟ್ಟೆವು. ಮೇಧಾ ನನ್ನ ತಮ್ಮ ಶ್ರೀಪಾದನ ಮಗಳು, ಹದಿನೇಳರ ಹುಡುಗಿ. ಧಾರವಾಡದಲ್ಲಿ ಮೂವತ್ತು ವರ್ಷ ಸಂಗೀತ ಕಲಿಸಿದ ನಾನು ಮೂರು ತಿಂಗಳಿಗೆಂದು ಅವರಲ್ಲಿಗೆ ಬಂದಿದ್ದೆ. ಅಂದು ಸ್ಯಾನ್ ಫ್ರಾನ್ಸಿಸ್ಕೋದ ಒಂದು ಕಾಲೇಜಿನಲ್ಲಿ ಅವಳ ಆಡಿಷನ್ನು. ಹಾಡು, ಕುಣಿತ, ನಟನೆ ಕೂಡಿದ ಮ್ಯೂಸಿಕಲ್ ನಾಟಕದ ಓದು. ಶ್ರೀಪಾದ ಒಪ್ಪಿದ್ದು ಇದೊಂದು ಕಾಲೇಜಿಗೇ. “ಇಲ್ಲಿ ಸೀಟು ಸಿಗಲಿಲ್ಲಂದ್ರ ಸುಮ್ಮನ ಕಂಪ್ಯೂಟರ್ ಸೈನ್ಸ್” ಎಂದು ಕಡ್ಡಿ ಮುರಿದಂತೆ ಹೇಳಿದ್ದ.

ಪಕ್ಕದೂರು ಡಬ್ಲಿನ್ನಿನ ಸ್ಟೇಷನ್ನಿಗೆ ಅವನೇ ಕಾರಿನಲ್ಲಿ ಬಿಟ್ಟ. ಬಾರ್ಟ್ ರೈಲಿಗೆ ತಲೆಗೆ ನಾಲ್ಕು ಡಾಲರು, ಮೇಲೆ ಚಿಲ್ಲರೆ. ಹೊರಗೆ ಜಿಟಿಜಿಟಿ ಮಳೆ, ಗುಡ್ಡಗಳೆಲ್ಲ ಹಸಿರು. ಓಕ್‌ಲ್ಯಾಂಡಿನವರೆಗೂ ಡಾಟ್ ಕಾಮು ಕಂಪನಿಗಳ ಬೋರ್ಡುಗಳೇ. ನಾಯಿ ಬಿಸ್ಕತ್ತು ಮಾರಲಿಕ್ಕೂ ಒಂದು ಡಾಟ್ ಕಾಮು! ಅವಲಕ್ಕಿ ಡಬ್ಬಿ ತೆಗೆಯಹೋದರೆ ಮೇಧಾ ಕೈ ಹಿಡಿದಳು. ರೈಲಿನಲ್ಲಿ ತಿಂದರೆ ದಂಡವಂತೆ.

ಅವಳ ತೊಡೆಯ ಮೇಲೆ ಎರಡು ಹಾಡಿನ ಹಾಳೆಗಳಿದ್ದವು. ಒಂದು ಚುರುಕಿನದು, ಒಂದು ವಿಳಂಬದ್ದು; ಒಂದೊಂದೂ ಅರ್ಧ ನಿಮಿಷ ಮಾತ್ರ. ವಿಳಂಬದ ಹಾಡು ನಾನು ಆರಿಸಿದ್ದು, ಮನೆ ಬಿಟ್ಟು ಹೊರಟ ಹುಡುಗಿಯ ಹಾಡು. ಅವಳ ವಯಸ್ಸಿಗೆ ಚೆನ್ನಾಗಿ ಒಪ್ಪುತ್ತಿತ್ತು. ಕೊರಳಿಗೆ ಮಾತ್ರ ಎತ್ತರವಾಗುತ್ತಿತ್ತು, ಅದಕ್ಕೆ ಹಾರ್ಮೋನಿಯಂ ಮೇಲೆ ಶ್ರುತಿ ಇಳಿಸಿ ಎರಡು ತಿಂಗಳು ಹಾಡಿಸಿದ್ದೆ.

ಹಿಂದಿನ ವಾರವೇ ಅವಳು ಕೇಳಿದ್ದಳು: “ಅತ್ತಿ, ಪೇಪರಲ್ಲಿ ಪಿಚ್ ಹೈ ಇದೆ. ಪಿಯಾನೋದವರಿಗೆ ಬೇರೆ ಶೀಟ್ ಬೇಕಾ?”

“ಹುಚ್ಚಿ! ಸಾಥ್ ಕೊಡಾಂವ ಹಾಡೋರ ಶ್ರುತಿಗೆ ಬರಬೇಕು. ಅದು ಅವನ ಕೆಲಸ” ಅಂದಿದ್ದೆ. ನಮ್ಮಲ್ಲಿ ಅದೇ ರೂಢಿ. ಇಲ್ಲಿ ಹೇಗೆ ಅಂತ ಒಬ್ಬರನ್ನಾದರೂ ಕೇಳಬಾರದಿತ್ತೇ? ನನ್ನ ಜಂಬಕ್ಕಿಷ್ಟು ಬೆಂಕಿ ಹಾಕ!

ಕಾಲೇಜಿನ ಕಾರಿಡಾರಿನಲ್ಲಿ ಇಪ್ಪತ್ತು ಮೂವತ್ತು ಮಕ್ಕಳು ಗುನುಗುತ್ತ ನಿಂತಿದ್ದರು. ಮೇಧಾ ಒಳಗೆ ಹೋದಳು, ನಾನು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತೆ. ಚುರುಕಿನ ಹಾಡು ಭೇಷ್ ಅನ್ನುವಂತೆ ಬಂತು. ಆಮೇಲೆ ಪಿಯಾನೋ ಎರಡನೆಯದನ್ನು ಎತ್ತಿಕೊಂಡಿತು. ಮೊದಲ ಸ್ವರಕ್ಕೇ ನಾನು ಕುರ್ಚಿಯಿಂದ ಎದ್ದು ನಿಂತೆ. ಹಾಳೆಯಲ್ಲಿ ಇದ್ದಂತೆಯೇ ಬಾರಿಸುತ್ತಿದ್ದ ಮಹಾರಾಯ. ಅಷ್ಟು ಎತ್ತರದಲ್ಲಿ ಅವಳು ಆ ಹಾಡನ್ನು ಒಮ್ಮೆಯೂ ಹಾಡಿರಲಿಲ್ಲ. ತಾರಕ್ಕೆ ಹೋಗುವಲ್ಲಿ ದನಿ ಒಡೆಯಿತು, ಮತ್ತೆ ಒಡೆಯಿತು, ನಿಂತೇಹೋಯಿತು. “ಥ್ಯಾಂಕ್ ಯೂ” ಎಂದು ಯಾರೋ ಅಂದದ್ದು ಕೇಳಿಸಿತು.

ಹೊರಬಂದವಳು ಅಳಲಿಲ್ಲ. “ಲೋ ಪಿಚ್ ಬೇಕು ಅಂತ ಹೇಳಿದೆ ಅತ್ತಿ. ಶೀಟಲ್ಲಿ ಇರೋದೇ ಬಾರಿಸ್ತೀನಿ ಅಂದ್ರು” ಎಂದಳು. ಅವಲಕ್ಕಿ ಇಬ್ಬರೂ ಮುಟ್ಟಲಿಲ್ಲ. ಮರಳುವ ರೈಲು ಕೊಲ್ಲಿಯ ನೀರಿನಡಿಯ ಸುರಂಗ ಹೊಕ್ಕಾಗ ನನ್ನ ಕಡೆ ತಿರುಗಿದಳು. “ಅಪ್ಪನಿಗೆ ಹೇಳಬೇಡಿ. ನಿಮ್ಮ ಮೇಲೆ ಸಿಟ್ಟಾಗ್ತಾರೆ.” ನನಗೆ ದುಃಖ ಉಕ್ಕಿ ಬಂತು. ಸೆರಗಿನಿಂದ ಮುಖ ಒರೆಸಿಕೊಂಡೆ.

ಡಬ್ಲಿನ್ನಿನಲ್ಲಿ ಶ್ರೀಪಾದ ಕಾಯುತ್ತಿದ್ದ. “ಹೆಂಗಾತು?”

“ಥ್ರೋಟು ಹಿಡ್ಕೊಂಡ್ಬಿಡ್ತು ಅಪ್ಪಾ” ಅಂದಳು ಮೇಧಾ.

ಅವನು ಬೈಯಲಿಲ್ಲ. ಫ್ರೀವೇ ಹತ್ತಿದ ಮೇಲೆ ಮೆಲ್ಲಗೆ ಹೇಳಿದ: “ಹೋಗ್ಲಿ ಬಿಡವಾ. ಅಕ್ಕನಂಥಾಕಿ ಎರಡು ತಿಂಗಳು ಕೂತು ಕಲಿಸಿದ್ರೂ ಬರಲಿಲ್ಲಂದ್ರ, ನಿನ್ನ ಕೊರಳಾಗ ಅದು ಇಲ್ಲ ಅಂತ ತಿಳೀಬೇಕು. ಹೌದಲ್ಲೇನಕ್ಕಾ?”

ಮೇಧಾ ನನ್ನ ಮುಖ ನೋಡಿದಳು.

ನಾನು “ಹೂಂ” ಅಂದೆ.