ರೈಲು ಟೈಮಿಗೆ ಬಂದ ಬೇಸಿಗೆ

ಮೊನ್ನೆ ತರಿಸಿದ ಪಿಂಗಾಣಿ ಬಟ್ಟಲುಗಳ ಪೆಟ್ಟಿಗೆ ಬಿಚ್ಚಿದಾಗ ಒಳಗೆ ಥರ್ಮಕೋಲಿನ ಬದಲು ಭತ್ತದ ಹುಲ್ಲು ತುಂಬಿತ್ತು. ಆ ಒಣ ವಾಸನೆಯ ಜೊತೆಗೆ ಮಾವಿನಕಾಯಿಯ ಸೊನೆಯ ಘಾಟೂ ಬಂದಂತಾಯಿತು. ಬಂದಿರಲು ಸಾಧ್ಯವಿಲ್ಲ. ಸೊನೆಯನ್ನು ಸೇರಿಸಿದ್ದು ನನ್ನ ಮೂಗೇ ಇರಬೇಕು... ಆದರೂ ನಮ್ಮ ಪಕ್ಕದ ಮನೆಯ ದೊಡ್ಡಮ್ಮ ನೆನಪಾದರು.

ತರೀಕೆರೆಯಿಂದ ಬೆಟ್ಟದ ಬುಡಕ್ಕೆ ಹೋಗುತ್ತಿದ್ದ ಪುಟ್ಟ ರೈಲುದಾರಿಗೆ ನಮ್ಮೂರೇ ಕೊನೆ. ಒಂದು ಕಲ್ಲುಬೆಂಚು, ಒಂದು ತಗಡಿನ ಚಪ್ಪರ, ಅಷ್ಟೇ ನಿಲ್ದಾಣ. ಮಾವಿನ ತೋಟದವರಿಗಾಗಿಯೇ ಹಾಕಿದ ಹಳಿ ಎಂದು ನಮ್ಮವರು ಎದೆಯುಬ್ಬಿಸಿ ಹೇಳುತ್ತಿದ್ದರು. ನಿಜವೋ ಸುಳ್ಳೋ, ನಾನು ದಾಖಲೆ ನೋಡಿಲ್ಲ. ರೈಲು ತೋಟತೋಟಕ್ಕೂ ನಿಂತು ತರೀಕೆರೆ ಮುಟ್ಟುವಷ್ಟರಲ್ಲಿ ಕಡೂರಿಗೆ ಹೋಗುವ ದೊಡ್ಡ ರೈಲು ಹೊರಟುಹೋಗಿರುತ್ತಿತ್ತು. ಬುಟ್ಟಿಗಳು ಅಲ್ಲಿ ಕಾದು, ಯಾವುದೋ ಗಾಡಿ ಹತ್ತಿ, ಕಡೂರಿನ ಮಂಡಿ ಸೇರುವಾಗ ನಾಲ್ಕನೆಯ ದಿನ.

ದೊಡ್ಡಮ್ಮನ ವಿದ್ಯೆ ಈ ತಡದ ಮೇಲೆಯೇ ನಿಂತಿತ್ತು. ಊರಿನ ಕಾಯಿಯೆಲ್ಲ ಆರಿಸಿ ಬುಟ್ಟಿ ಕಟ್ಟಿಸುತ್ತಿದ್ದವರು ಅವರು. ಕಾಯಿಯನ್ನು ಒತ್ತಿ ನೋಡುತ್ತಿರಲಿಲ್ಲ. ಒತ್ತುವವರ ಕೈಗೆ ಪಟ್ಟೆಂದು ಹೊಡೆಯುತ್ತಿದ್ದರು. ತೊಟ್ಟಿನ ಅಕ್ಕಪಕ್ಕದ ಹೆಗಲು ತುಂಬಿದೆಯೇ ಎಂದು ನೋಡಿ, ತೊಟ್ಟು ಮೂಸಿ, ಗಟ್ಟಿ ಕಾಯಿಯನ್ನೇ ಹುಲ್ಲಿನಲ್ಲಿ ಕೂರಿಸುತ್ತಿದ್ದರು. ಬೇರೆ ಕಡೆಯವರು ಕೋಣೆಯೊಳಗೆ ಅಡೆಹಾಕಿ ಹಣ್ಣು ಮಾಡಿ ಕಳಿಸುತ್ತಿದ್ದರೆ, ನಮ್ಮದು ದಾರಿಯಲ್ಲೇ ಹಣ್ಣಾಗುತ್ತಿತ್ತು. ನಾಲ್ಕನೆಯ ಬೆಳಿಗ್ಗೆ ಬಿಚ್ಚಿದರೆ ಬುಟ್ಟಿಗೆ ಬುಟ್ಟಿಯೇ ಒಂದೇ ಹದ.

"ಅಡೆಹಾಕಕ್ಕೆ ಕೋಣೆ ಯಾಕ್ ಬೇಕು, ರೈಲಿಲ್ವಾ?" ಎನ್ನುತ್ತಿದ್ದರು.

ನಾನು ಹೈಸ್ಕೂಲಿನಲ್ಲಿದ್ದಾಗಿನ ಒಂದು ಬೇಸಿಗೆ. ಗಾರ್ಡು ಚಪ್ಪರದಡಿ ಬಂದು, ಹೊಸ ಎಂಜಿನ್ ಕೊಟ್ಟಿದ್ದಾರೆ, ಸೋಮವಾರದಿಂದ ಅವತ್ತಿನ ದೊಡ್ಡ ರೈಲನ್ನೇ ಹಿಡಿಯುತ್ತೇವೆ ಎಂದ. ಕೂತಿದ್ದವರೆಲ್ಲ ಗೊಳ್ಳೆಂದು ನಕ್ಕರು.

"ಏನಪ್ಪಾ, ನಿನ್ ರೈಲಿಗಿಂತ ಮುಂಚೆ ನಮ್ಮ ಎಮ್ಮೆ ತರೀಕೆರೆ ಸೇರ್ತದೆ," ಎಂದರು ದೊಡ್ಡಮ್ಮ.

"ನಗ್ರಮ್ಮ, ನಗ್ರಿ. ಆಮೇಲೆ ನನ್ನ ಬೈಬೇಡಿ."

ಯಾರೂ ನಂಬಲಿಲ್ಲ. ಎಂದಿನಂತೆ ನಾಲ್ಕು ದಿನದ ಕಾಯಿಯನ್ನೇ ಕಟ್ಟಿದರು. ಸೋಮವಾರ ರೈಲು ಹೇಳಿದ ಹೊತ್ತಿಗೆ ಹೊರಟಿತು, ದೊಡ್ಡ ರೈಲನ್ನು ಹಿಡಿಯಿತು, ಸಂಜೆಗೆಲ್ಲ ಬುಟ್ಟಿಗಳು ಕಡೂರಿನಲ್ಲಿ. ಒಳಗಿದ್ದ ಕಾಯಿ ಕಲ್ಲಿನ ಹಾಗೆ.

ಮಾರನೆಯ ಬೆಳಿಗ್ಗೆ ಮಂಡಿ ಸಾಹುಕಾರನಿಂದ ಸುದ್ದಿ ಬಂತು: ನಿಮ್ಮೂರ ಬುಟ್ಟಿ ಇನ್ನು ಬೇಡ, ಅಜ್ಜಂಪುರದ ಕಡೆಯಿಂದ ತರಿಸಿಕೊಳ್ಳುತ್ತೇನೆ. ನಮ್ಮ ಮಾವು ಕೊಳ್ಳುತ್ತಿದ್ದುದು ಅವನೊಬ್ಬನೇ. ಮರದ ತುಂಬ ಕಾಯಿ, ಕೊಳ್ಳುವವರಿಲ್ಲ. ದೊಡ್ಡಮ್ಮ ಸೀರೆ ಬದಲಿಸಿಕೊಂಡು ಅವತ್ತಿನ ರೈಲು ಹತ್ತಿದರು. ರಜೆ ಮುಗಿದು, ಸೋದರತ್ತೆಯ ಮನೆಯಲ್ಲಿದ್ದು ಓದಲು ಕಡೂರಿಗೆ ಹೊರಟಿದ್ದ ನಾನೂ ಅದೇ ಡಬ್ಬಿಯಲ್ಲಿದ್ದೆ. ಕಡೂರಿನಲ್ಲಿ ಇಳಿದವರೇ ನೇರ ಮಂಡಿಗೆ ನಡೆದರು, ಹಿಂದೆ ನಾನು.

"ಏನಮ್ಮಾ, ಉಪ್ಪಿನಕಾಯಿಗೆ ಅಂತ ಕಳಿಸಿದ್ರಾ?" ಎಂದು ಸಾಹುಕಾರ ಹಂಗಿಸಿದ.

"ತಪ್ಪು ನಂದು ಕಣಪ್ಪಾ, ಕಾಯಿದಲ್ಲ. ರೈಲು ಬೇಗ ಬತ್ತದೆ ಅಂದ್ರು, ನಂಬ್ಲಿಲ್ಲ. ಗುರುವಾರ ಬೆಳಿಗ್ಗೆ ಬಿಚ್ಚು. ಒಂದೇ ಒಂದು ಗಟ್ಟಿಯಾಗಿದ್ರೂ ನಮ್ಮೂರ ಬುಟ್ಟಿ ನಿನ್ ಬಾಗ್ಲಿಗೆ ಬರಲ್ಲ."

"ಅಲ್ಲೀವರ್ಗೂ?"

"ಇಲ್ಲೇ ಕೂತಿರ್ತೀನಿ. ನಿನ್ ಆಳುಗಳು ಒತ್ತಿ ಒತ್ತಿ ನೋಡಿದ್ರೆ ಕೊಳ್ತೋಯ್ತದೆ."

ಕೂತೇಬಿಟ್ಟರು. ಬುಧವಾರವಿಡೀ ಮಂಡಿಯ ಜಗಲಿಯ ಮೇಲೆ, ಬುಟ್ಟಿಗಳಿಗೆ ಬೆನ್ನು ಕೊಟ್ಟು. ಅತ್ತೆ ಕಳಿಸಿದ ಊಟವನ್ನು ನಾನು ಒಯ್ದು ಕೊಟ್ಟಾಗ ಅರ್ಧ ಉಂಡು, "ಹೋಗೇ, ಓದ್ಕೋ ಹೋಗು" ಎಂದರು. ಉಳಿದದ್ದನ್ನು ಮಂಡಿಯ ಆಳಿಗೆ ಕೊಟ್ಟರೇ? ಕೊಟ್ಟರು ಎಂದು ಹಿಂದೊಮ್ಮೆ ಡೈರಿಯಲ್ಲಿ ಬರೆದಿದ್ದೇನೆ. ಈಗ ಖಾತ್ರಿಯಿಲ್ಲ.

ಗುರುವಾರ ಹುರಿ ಬಿಚ್ಚಿದ್ದು, ಹುಲ್ಲು ಸರಿಸಿದ್ದು, ಬುಟ್ಟಿಯ ತಳದವರೆಗೂ ಹಣ್ಣು ಒಂದೇ ಸಮ ಮಾಗಿದ್ದು, ಸಾಹುಕಾರ ತಾನೇ ಒಂದನ್ನು ಕಚ್ಚಿ ರಸ ಮೊಣಕೈಗೆ ಇಳಿದದ್ದು, ಎಲ್ಲವೂ ನನಗೆ ಕಾಣುತ್ತದೆ. ಆದರೆ ಆ ಹೊತ್ತಿಗೆ ನಾನು ಶಾಲೆಯಲ್ಲಿರಬೇಕಿತ್ತು. ನಾನೇ ಕಂಡೆನೋ, ಅತ್ತೆ ಹೇಳಿದ್ದನ್ನು ಕಂಡಂತೆ ಮಾಡಿಕೊಂಡೆನೋ... ಕಿವಿಯಾರೆ ಕೇಳಿದ್ದು ಒಂದುಂಟು. ಕೆಲವು ವಾರಗಳ ನಂತರ ಮಂಡಿಯ ಮುಂದೆ ಹಾದುಹೋಗುವಾಗ ಅದೇ ಸಾಹುಕಾರ ಬೇರೆ ಊರಿನ ಬೆಳೆಗಾರನೊಬ್ಬನಿಗೆ ಗದರುತ್ತಿದ್ದ: "ಬೆಟ್ಟದ ಬುಡದ ಅಮ್ಮನ ಹತ್ರ ಹೋಗಿ ಕಲ್ತ್ಕೊಂಡ್ ಬಾರಯ್ಯಾ!" ನಾನು ಅವತ್ತು ನಡೆದ ನಡಿಗೆಯೇ ಬೇರೆ. ಮುಂದೆ ವಿಶ್ವವಿದ್ಯಾನಿಲಯದಲ್ಲಿ ಏನೇನೋ ಪದಕ ಬಂದಾಗಲೂ ಅಷ್ಟು ತಲೆಯೆತ್ತಿ ನಡೆದಂತೆ ನೆನಪಿಲ್ಲ.

ದೊಡ್ಡಮ್ಮ ತಮ್ಮ ವಿದ್ಯೆಯನ್ನು ಮತ್ತೆ ಮೊದಲಿನಿಂದ ಕಲಿತರು. ಅಷ್ಟು ವಯಸ್ಸಾದ ಮೇಲೆ! ಕಾಯಿಯನ್ನು ಇನ್ನಷ್ಟು ದಿನ ಮರದಲ್ಲೇ ಬಿಟ್ಟು, ಅರೆಹಣ್ಣಾಗಿ ದೋರೆ ತಿರುಗಿದ ಮೇಲೆ ಕೀಳಿಸಿ, ಒಂದು ದಿನದ ದಾರಿಗೆ ಕಟ್ಟಿಸತೊಡಗಿದರು. ಅವರು ಅದರಲ್ಲಿ ಪಳಗಿದ ಕೆಲವೇ ವರ್ಷಕ್ಕೆ ಲಾರಿಗಳು ಬಂದವು, ಹಳಿ ಕಿತ್ತರು. ಅವರು ತೀರಿಕೊಂಡಾಗ ನಾನು ಮೈಸೂರಿನಲ್ಲಿ ಪರೀಕ್ಷೆ ಬರೆಯುತ್ತಿದ್ದೆ. ಯಾರೂ ತಿಳಿಸಲಿಲ್ಲ.

ಪೆಟ್ಟಿಗೆ ಬಿಚ್ಚಿದ ವಾರವೇ ಊರಿಗೆ ಹೋಗಿಬಂದೆ. ಚಪ್ಪರವಿದ್ದ ಜಾಗದಲ್ಲಿ ಒಬ್ಬ ಯುವಕ ಗೂಡ್ಸ್ ಆಟೋ ನಿಲ್ಲಿಸಿಕೊಂಡು ಮಾವು ಮಾರುತ್ತಿದ್ದ. ಇಲ್ಲಿ ರೈಲಿತ್ತು ಎಂದರೆ, "ಸುಮ್ನಿರಿ ಅಮ್ಮಾ, ತಮಾಷೆ ಮಾಡ್ಬೇಡಿ" ಎಂದು ನಕ್ಕ. ಒಂದು ಕಾಯಿಯನ್ನು ಕೈಗೆತ್ತಿಕೊಂಡೆ. ಹೆಗಲು ಇನ್ನೂ ತುಂಬಿರಲಿಲ್ಲ, ಅಥವಾ ನನಗೆ ಹಾಗೆ ಕಂಡಿತು. ಯಾವಾಗ ಹಣ್ಣಾಗುತ್ತದಪ್ಪಾ ಎಂದು ಕೇಳಿದೆ.

"ನಿಮ್ಗೆ ಯಾವತ್ತು ಬೇಕು ಹೇಳಿ. ಕಾರ್ಬೈಡ್ ಪುಡಿ ಹಾಕಿ ಅವತ್ತಿಗೇ ಹಣ್ಣು ಮಾಡ್ಕೊಡ್ತೀನಿ."

ಆ ಮಾತಿಗೆ ದೊಡ್ಡಮ್ಮ ಏನನ್ನುತ್ತಿದ್ದರು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಏನೋ ಒಂದು ಹೊಳೆದದ್ದೂ ನಿಜ. ಬರೆದುಬಿಟ್ಟರೆ ನಾಳೆ ಅದೂ ಅವರೇ ಆಡಿದ ಮಾತಾಗಿ ಕೂತುಬಿಡುತ್ತದೆ. ಬರೆಯುವುದಿಲ್ಲ.