ಚಿಲಿಯ ಮೇಲಿಂದ ಕೈಲಾಸಕ್ಕೆ

ಆಂಟಿಯ ಕೈಗೆ ಕೈ ಕೊಟ್ಟರೆ ಮುಗಿಯಿತು, ಅವರ ಎರಡು ಬೆರಳು ಸೀದಾ ನಮ್ಮ ನಾಡಿಯ ಮೇಲೆ ಹೋಗಿ ಕೂರುತ್ತಿದ್ದವು. ಜೀವಮಾನವಿಡೀ ವಾರ್ಡಿನಲ್ಲಿ ಸಾಬೂನು ಹಚ್ಚಿ ತೊಳೆದು ತೊಳೆದು ಒಣಗಿದ, ತುದಿಯಲ್ಲಿ ಸಣ್ಣಗೆ ಬಿರುಕು ಬಿಟ್ಟ ಬೆರಳುಗಳು. ನಾವು "ಹೇಗಿದ್ದೀರಾ ಆಂಟಿ" ಅನ್ನುವಷ್ಟರಲ್ಲಿ ಅವರು ಗೋಡೆಯ ಗಡಿಯಾರ ನೋಡುತ್ತಾ ಎಣಿಸಲು ಶುರುಮಾಡಿರುತ್ತಿದ್ದರು. "ಭಾಳ ಓಡಾಕತ್ತೈತಿ. ಮುಂಜಾನೆ ಏನ್ ತಿಂದಿ?" ಏನು ತಿಂದಿದ್ದೆ ಎಂದು ಹೇಳಿದರೂ ಅದು ತಪ್ಪೇ. ಐದು ನಿಮಿಷದಲ್ಲಿ ನಮ್ಮ ಮುಂದೆ ಒಂದು ತಟ್ಟೆ ಬಂದಿರುತ್ತಿತ್ತು.

ಆಕ್ಲೆಂಡಿನ ಹಿಲ್ಸ್‌ಬರೋದಲ್ಲಿ ನಮ್ಮ ಎದುರು ಮನೆ ಅವರದು. ಹುಬ್ಬಳ್ಳಿಯವರು. ಅಲ್ಲೇ ನರ್ಸಿಂಗ್ ಕಲಿತು, ಇಲ್ಲಿಗೆ ಬಂದು ಆಸ್ಪತ್ರೆಯಲ್ಲಿ ದುಡಿದು, ನಿವೃತ್ತರಾಗಿದ್ದರು. ಅಂಕಲ್ ತೀರಿಹೋಗಿ ಕೆಲವು ವರ್ಷವಾಗಿತ್ತು. ಮಗ ಪಾಮರ್ಸ್ಟನ್ ನಾರ್ತ್‌ನಲ್ಲಿ ಡಾಕ್ಟರ್. ಹೀಗಾಗಿ ಆಂಟಿಯ ವಾರ್ಡಿಗೆ ಉಳಿದ ರೋಗಿಗಳೆಂದರೆ ನಾನು, ನನ್ನ ಗಂಡ, ಬೀದಿಯ ಮೂಲೆಯ ಡೇರಿ ಅಂಗಡಿಯ ಗುಜರಾತಿ ಮುದುಕ, ಅಷ್ಟೇ. ನನ್ನ ಗಂಡ ಜಾಣ. ಆಂಟಿ ರಸ್ತೆ ದಾಟುವುದು ಕಂಡರೆ ಹಿತ್ತಿಲಿಗೆ ಹೋಗಿ ಹುಲ್ಲು ಕತ್ತರಿಸುವ ಯಂತ್ರ ಶುರುಮಾಡುತ್ತಿದ್ದ. ಸಿಕ್ಕಿಬೀಳುತ್ತಿದ್ದವಳು ನಾನು.

ಹಾಗೆ ಸಿಕ್ಕಿಬಿದ್ದ ಒಂದು ಶನಿವಾರ ಆಂಟಿ ಬಂದು ಕೂತು, "ನಾ ಕೈಲಾಸಕ್ಕ ಹೋಗಾಕಿ" ಅಂದರು.

ಏನೋ ಕಾಯಿಲೆ ಪತ್ತೆಯಾಗಿದೆ ಅಂದುಕೊಂಡೆ. ಅಲ್ಲ, ಅವರು ಹೇಳಿದ್ದು ಟಿಬೆಟ್ಟಿನ ಕೈಲಾಸ, ಮಾನಸ ಸರೋವರದ ಪಕ್ಕದ್ದು. ಹುಬ್ಬಳ್ಳಿಯಲ್ಲಿ ಅವರಿಗೊಬ್ಬ ತಂಗಿ ಇದ್ದರು. ಆ ತಂಗಿಯ ಕಣ್ಣಿನ ನೋಟ ಗ್ಲಾಕೋಮಾದಿಂದ ದಿನೇ ದಿನೇ ಕಿರಿದಾಗುತ್ತಿತ್ತು. ಪೂರ್ತಿ ಕತ್ತಲಾಗುವ ಮೊದಲು ಒಂದು ಸಲ ಕೈಲಾಸ ನೋಡಬೇಕೆಂದು ಆಕೆಯ ಆಸೆ. ಕೈ ಹಿಡಿದು ಕರೆದೊಯ್ಯುವುದು ಅಕ್ಕನ ಜವಾಬ್ದಾರಿ. ಮನೆಯವರಲ್ಲಿ ಒಬ್ಬರು ಜೊತೆಗಿಲ್ಲದೆ ಆಕೆಯನ್ನು ಕಳಿಸುವುದಿಲ್ಲ ಎಂದು ಹುಬ್ಬಳ್ಳಿಯವರ ಹಟ.

"ಆಂಟಿ, ಇಷ್ಟು ವರ್ಷ ರೋಗಿಗಳ ಸೇವೆ ಮಾಡಿದ್ದೀರಿ. ಕಾಯಕವೇ ಕೈಲಾಸ ಅಂತ ಆರಾಮಾಗಿ ಇರಬಾರದಾ?" ಅಂದೆ.

"ಕಾಯಕ ಆತು. ಇನ್ನ ಕೈಲಾಸ" ಅಂದರು.

ಮಗ ಒಪ್ಪಲಿಲ್ಲ. ಪರಿಕ್ರಮದ ದಾರಿಯಲ್ಲಿ ಐದೂವರೆ ಸಾವಿರ ಮೀಟರಿಗೂ ಮೇಲೆ ಬೆಟ್ಟಗಳ ನಡುವಿನ ಒಂದು ಕಣಿವೆದಾರಿ ದಾಟಬೇಕು, ಅಷ್ಟು ಎತ್ತರದಲ್ಲಿ ನಿನ್ನ ಮೈ ಹೇಗಿರುತ್ತದೋ ಗೊತ್ತಿಲ್ಲ, ಮೊದಲು ಎಲ್ಲಾದರೂ ಅಷ್ಟು ಎತ್ತರ ಹತ್ತಿ ತೋರಿಸು, ಆಮೇಲೆ ನೋಡೋಣ ಅಂದ. ಪಾಪ, ಉಪಾಯವಾಗಿ ಹೇಳಿದ್ದ. ನ್ಯೂಜಿಲೆಂಡಿನ ಅತಿ ಎತ್ತರದ ಬೆಟ್ಟವೂ ನಾಲ್ಕು ಸಾವಿರ ಮೀಟರ್ ಮುಟ್ಟುವುದಿಲ್ಲ. ವಿಷಯ ಅಲ್ಲಿಗೇ ಮುಗಿಯಿತೆಂದು ಅವನ ಲೆಕ್ಕ. ಮೂವತ್ತು ವರ್ಷ ಆ ತಾಯಿಯ ಮಗನಾಗಿ ಬದುಕಿಯೂ ಅವನಿಗೆ ಅಮ್ಮ ಅರ್ಥವಾಗಿರಲಿಲ್ಲವಲ್ಲ ಎಂದು ನನಗೆ ಈಗಲೂ ಆಶ್ಚರ್ಯ. ಮರುದಿನವೇ ಆಂಟಿ ಪತ್ತೆ ಹಚ್ಚಿದರು: ಆಕ್ಲೆಂಡಿನಿಂದ ಚಿಲಿ ದೇಶಕ್ಕೆ ನೇರ ವಿಮಾನವಿದೆ. ಅಲ್ಲಿ ಆಂಡೀಸ್ ಪರ್ವತವಿದೆ. ಅಟಕಾಮಾ ಮರುಭೂಮಿಯ ಅಂಚಿನಲ್ಲಿ ತೋಕೋ ಎಂಬ ಬೆಟ್ಟವಿದೆ. ಹಿಂದೆ ಅಲ್ಲಿ ಗಂಧಕದ ಗಣಿ ಇತ್ತಂತೆ, ಆ ಗಣಿಯ ರಸ್ತೆಯಲ್ಲಿ ಜೀಪು ಬಹಳ ಮೇಲಿನವರೆಗೆ ಹೋಗುತ್ತದೆ. ಉಳಿದದ್ದು ಗೈಡ್ ಜೊತೆ ಕೆಲವೇ ಗಂಟೆಗಳ ನಡಿಗೆ. ತುದಿ ಹೆಚ್ಚುಕಡಿಮೆ ಕೈಲಾಸದ ಆ ಕಣಿವೆದಾರಿಯಷ್ಟೇ ಎತ್ತರ.

"ಅಲ್ಲಿ ಉಸುರು ಆಡಿದ್ರ ಕೈಲಾಸದಾಗೂ ಆಡತೈತಿ. ನೀ ಸಾಕ್ಷಿಗೆ ಬಾ. ನಾ ಹೇಳಿದ್ರ ಮಗ ನಂಬಂಗಿಲ್ಲ."

ನಾನು ಮಣ್ಣು ಪರೀಕ್ಷೆ ಮಾಡುವ ಎಂಜಿನಿಯರ್. ಮೈಸೂರಿನವಳು. ಚಾಮುಂಡಿ ಬೆಟ್ಟವನ್ನೂ ಬಸ್ಸಿನಲ್ಲೇ ಹತ್ತಿದವಳು. ಇಲ್ಲ ಅಂದೆ. ರಜೆಯಿಲ್ಲ ಅಂದೆ. ಮಂಡಿ ನೋವು ಅಂದೆ. ಆಂಟಿ ಮಂಡಿ ಒತ್ತಿ ನೋಡಿ "ಏನೂ ಆಗಿಲ್ಲ" ಎಂದು ತೀರ್ಪು ಕೊಟ್ಟರು.

ಆಮೇಲೆ ತಾಲೀಮು. ಅಯ್ಯೋ, ಆ ತಾಲೀಮು! ಪ್ರತಿ ಭಾನುವಾರ ಏವನ್‌ಡೇಲ್ ಸಂತೆಗೆ ಹೋಗುವುದು, ಇಬ್ಬರ ಬೆನ್ನುಚೀಲಕ್ಕೂ ಕುಂಬಳಕಾಯಿ, ಆಲೂಗಡ್ಡೆ, ಮೂಲಂಗಿ ತುಂಬುವುದು, ಅದನ್ನು ಹೊತ್ತು ಮೌಂಟ್ ರೋಸ್ಕಿಲ್ ಎಂಬ ನಮ್ಮೂರ ಗುಡ್ಡವನ್ನು ಹತ್ತಿ ಇಳಿಯುವುದು. ಗುಡ್ಡವೆಂದರೆ ಗುಡ್ಡವೂ ಅಲ್ಲ, ಹುಲ್ಲು ಬೆಳೆದ ದಿಬ್ಬ. ಆದ್ದರಿಂದ ಐದಾರು ಸಲ ಹತ್ತಬೇಕು. ಮೂರನೆಯ ಸುತ್ತಿಗೆ ನಾನು ಹುಲ್ಲಿನ ಮೇಲೆ ಬಿದ್ದುಕೊಂಡರೆ, ನಾಯಿ ಅಡ್ಡಾಡಿಸಲು ಬಂದ ನ್ಯೂಜಿಲೆಂಡಿನ ಹೆಂಗಸರು ನನ್ನ ಚೀಲದಿಂದ ಇಣುಕುವ ಮೂಲಂಗಿ ಸೊಪ್ಪು ನೋಡಿ ನಕ್ಕು ಹೋಗುತ್ತಿದ್ದರು. "ಏಳ ಬೇ, ನಮ್ಮಪ್ಪ ಪಂಢರಪುರದ ವಾರಿಗೆ ಹುಬ್ಬಳ್ಳಿಂದ ನಡಕೊಂಡ ಹೋಗ್ತಿದ್ದ. ನಿನಗ ಈ ದಿಬ್ಬ ಭಾರ ಆತು?" ನಾನು ಬೈಯುತ್ತಲೇ ಏಳುತ್ತಿದ್ದೆ. ಬೈಗುಳಕ್ಕೆ ಆಂಟಿ ಎಂದೂ ಬೇಸರ ಮಾಡಿಕೊಂಡವರಲ್ಲ. ಬೈಯುವ ರೋಗಿ ಬದುಕುತ್ತಾನೆ, ಸುಮ್ಮನಾದವನನ್ನೇ ನೋಡಿಕೊಳ್ಳಬೇಕು ಎನ್ನುವುದು ಅವರ ವಾರ್ಡಿನ ಅನುಭವ.

ಕೊನೆಗೂ ಚಿಲಿಗೆ ಹೋದೆವು. ಬೆಟ್ಟದ ಕೆಳಗಿನ ಊರಿನಲ್ಲಿ ಮೈ ಎತ್ತರಕ್ಕೆ ಒಗ್ಗಲೆಂದು ಕೆಲವು ದಿನ ಇದ್ದೆವು. ನಮ್ಮ ಗೈಡ್ ಬಿಸಿಲಿಗೆ ಕಂದಿದ ಮುಖದ, ಬಹಳ ಸಮಾಧಾನದ ಮನುಷ್ಯ. ಆಂಟಿ ಅವನ ಜೊತೆ ಕನ್ನಡದಲ್ಲೇ ಮಾತಾಡಿದರು. ಅವನು ಸ್ಪ್ಯಾನಿಷ್‌ನಲ್ಲಿ ಉತ್ತರಿಸಿದ. ಎರಡನೆಯ ದಿನಕ್ಕೆ ಅವನಿಗೆ ಮಕ್ಕಳೆಷ್ಟು, ಹೆಂಡತಿಗೆ ಬಿಪಿ ಇದೆಯೋ ಇಲ್ಲವೋ ಎಲ್ಲ ಆಂಟಿಗೆ ಗೊತ್ತಾಗಿತ್ತು. ಎಲ್ಲಿ ನಿಂತು ವಾಪಸ್ ತಿರುಗಬೇಕೆಂಬುದು ತನ್ನ ತೀರ್ಮಾನ, ಒಬ್ಬರು ತಿರುಗಿದರೆ ಮೂವರೂ ತಿರುಗಬೇಕು ಎಂದು ಅವನು ಮೊದಲೇ ಹರಕು ಇಂಗ್ಲಿಷಿನಲ್ಲಿ ಹೇಳಿದ್ದ.

ಹತ್ತುವ ದಿನ ಬೆಳಿಗ್ಗೆ ಜೀಪು ನಮ್ಮನ್ನು ಗಣಿಯ ರಸ್ತೆಯ ಕೊನೆಗೆ ಇಳಿಸಿತು. ಕಣ್ಣು ಕುಕ್ಕುವ ಬಿಸಿಲು, ಮೂಗು ಕೊಯ್ಯುವ ಚಳಿಗಾಳಿ, ಕಾಲ ಕೆಳಗೆ ಕೆಂಪು ಹಳದಿ ಕಲ್ಲುಪುಡಿ. ಹೆಜ್ಜೆ ಇಟ್ಟರೆ ಅರ್ಧ ಹಿಂದಕ್ಕೆ ಜಾರುತ್ತದೆ. ಗೈಡ್ ಮುಂದೆ, ಆಂಟಿ ನಡುವೆ, ನಾನು ಹಿಂದೆ. ನಿಂತಲ್ಲೆಲ್ಲ ಆಂಟಿ ಚೀಲ ಬಿಚ್ಚಿ ಶೇಂಗಾ ಉಂಡಿ ತೆಗೆದು ಗೈಡಿಗೊಂದು, ನನಗೊಂದು ಕೊಡುತ್ತಿದ್ದರು. ಬೇಡ ಅಂದರೆ ಬಾಯಿಗೇ ತುರುಕುತ್ತಿದ್ದರು. ನಾವು ತಿಂದೆವು. ಆಂಟಿ ತಿಂದರೇ ಎಂದು ನಾನೂ ನೋಡಲಿಲ್ಲ, ಅವನೂ ನೋಡಲಿಲ್ಲ. ನಮ್ಮ ಕಡೆ ಬಡಿಸುವವರು ಯಾವಾಗ ಉಣ್ಣುತ್ತಾರೆಂದು ಯಾರು ನೋಡುತ್ತಾರೆ? ಎಲ್ಲರದೂ ಆದ ಮೇಲೆ ಎಲ್ಲೋ ಅಡುಗೆಮನೆಯಲ್ಲಿ ಉಂಡಿರುತ್ತಾರೆ ಅಂದುಕೊಳ್ಳುತ್ತೇವೆ.

ತುದಿ ಎದುರಿಗೇ ಕಾಣುತ್ತಿತ್ತು. ಅಲ್ಲಿಟ್ಟ ಕಲ್ಲುಗುಪ್ಪೆಯೂ ಕಾಣುತ್ತಿತ್ತು. ಆಗ ಆಂಟಿ ಒಂದು ಬಂಡೆಯ ಮೇಲೆ ಕೂತರು. ತುಟಿ ಬೆಳ್ಳಗಾಗಿತ್ತು. ಗೈಡ್ ಅವರ ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ ಹಾಕಿ ನೋಡಿ, ಇದು ಅಷ್ಟೇನೂ ಕೆಟ್ಟದಾಗಿಲ್ಲವಲ್ಲ ಎಂದು ಹುಬ್ಬು ಗಂಟಿಕ್ಕಿದ. ಬೆಳಿಗ್ಗೆ ಏನು ತಿಂದರೆಂದು ಕೇಳಿದ. ನಾನು ಆಂಟಿಯ ಮುಖ ನೋಡಿದೆ. ಆಂಟಿ ಗಾಳಿ ಬಂದ ದಿಕ್ಕಿಗೆ ಮುಖ ತಿರುಗಿಸಿದರು.

"ಆಂಟಿ, ಏನು ತಿಂದ್ರಿ?"

"ಏಕಾದಶಿ ಐತಿ" ಅಂದರು ಮೆಲ್ಲಗೆ.

ನಿಜ ಹೊರಬಂತು. ಹಿಂದಿನ ಸಂಜೆ ಹುಬ್ಬಳ್ಳಿಗೆ ಫೋನ್ ಮಾಡಿದ್ದರು. ಅಲ್ಲಿ ಆಗಲೇ ಮರುದಿನದ ಬೆಳಗು, ತಂಗಿ ಏಕಾದಶಿ ಹಿಡಿದಾಗಿತ್ತು. ಇಲ್ಲಿ ಇನ್ನೂ ದಶಮಿಯೋ, ಏಕಾದಶಿಯೋ? ಯಾವ ಊರಿನ ಸೂರ್ಯನನ್ನು ನಂಬುವುದು? ಎರಡನ್ನೂ ಹಿಡಿದರೆ ತಪ್ಪೇ ಇಲ್ಲವಲ್ಲ! ರಾತ್ರಿಯ ಊಟವನ್ನು ಹುಬ್ಬಳ್ಳಿಯ ಏಕಾದಶಿಗೆ ಬಿಟ್ಟಿದ್ದರು, ಬೆಳಗಿನ ತಿಂಡಿಯನ್ನು ಚಿಲಿಯ ಏಕಾದಶಿಗೆ.

ನನಗೆ ತಲೆ ಕೆಟ್ಟುಹೋಯಿತು. ಮೌಂಟ್ ರೋಸ್ಕಿಲ್‌ನ ಮೂಲಂಗಿಯಿಂದ ಹಿಡಿದು ಎಲ್ಲ ಒಟ್ಟಿಗೆ ಹೊರಬಂತು. "ನೀವೊಬ್ಬ ನರ್ಸ್ ಆಂಟಿ! ಕಂಡಕಂಡವರಿಗೆಲ್ಲ ಏನ್ ತಿಂದೆ ಏನ್ ತಿಂದೆ ಅಂತ ಪ್ರಾಣ ತಿಂತೀರಲ್ಲ, ನಿಮಗೆ ಬುದ್ಧಿ ಬೇಡ್ವಾ? ಬೇರೆ ರೋಗಿ ಹೀಗೆ ಮಾಡಿದ್ರೆ ಬಿಡ್ತಿದ್ರಾ? ಅಷ್ಟು ದೂರದಿಂದ ಬಂದಿದ್ದೀವಿ, ಅಗೋ ಕಾಣ್ತಾ ಇದೆ, ಅಲ್ಲಿ! ನಿಮ್ಮ ತಂಗಿ ಕಣ್ಣು ನಿಮ್ಮ ಏಕಾದಶಿಗೆ ಕಾಯತ್ತಾ?" ಆ ಕಡೆ ಈ ಕಡೆ ಓಡಾಡುತ್ತಾ, ಕೈ ಬೀಸುತ್ತಾ, ಗಂಟಲು ಹರಿಯುವಂತೆ ಕೂಗಿದೆ. ಗೈಡ್ ಕೈಯಲ್ಲಿದ್ದ ಉಂಡಿಯನ್ನು ತಿನ್ನುವುದೋ ಬಿಡುವುದೋ ಗೊತ್ತಾಗದೆ ನಿಂತಿದ್ದ.

ಆಂಟಿ ಎರಡು ಬೆರಳಿಂದ ತಮ್ಮ ನಾಡಿಯನ್ನೇ ಹಿಡಿದುಕೊಂಡು ನನ್ನನ್ನು ನೋಡುತ್ತಿದ್ದರು. "ಕೈಲಾಸಕ್ಕ ಹೋಗಾಕ ಏಕಾದಶಿ ಮುರೀಲೇನ? ನಮ್ಮಪ್ಪ ಸಾಯೂ ದಿನಾನೂ ಮುರೀಲಿಲ್ಲ" ಅಂದರು. ಗೈಡ್ ತಿರುಗೋಣ ಎಂದು ಸನ್ನೆ ಮಾಡಿದ. ತಿರುಗಿದೆವು. ಜೀಪಿಗೆ ಬಂದ ಮೇಲೆ ಅವನು ಫ್ಲಾಸ್ಕಿನಿಂದ ಸಕ್ಕರೆ ಹಾಕಿದ ಬಿಸಿಹಾಲು ಬಗ್ಗಿಸಿ ಕೊಟ್ಟ. ಹಾಲು ಏಕಾದಶಿಗೆ ನಡೆಯುತ್ತದೆ ಎಂದು ಕುಡಿದರು. ಇದನ್ನೇ ಬೆಳಿಗ್ಗೆ ಕುಡಿದಿದ್ದರೆ ಏನಾಗುತ್ತಿತ್ತು ಎಂದು ನಾನು ಕೇಳಲು ಹೋಗಲಿಲ್ಲ. ನನ್ನ ಗಂಟಲು ಹೋಗಿತ್ತು.

ಮತ್ತೊಮ್ಮೆ ಹತ್ತಲು ನಮಗೆ ದಿನ ಉಳಿದಿರಲಿಲ್ಲ. ಆ ಸಂಜೆ ಮಗನ ಫೋನ್ ಬಂತು. ಸಾಕ್ಷಿ ಹೇಳಬೇಕಾದವಳು ನಾನು. ಸುಳ್ಳು ಹೇಳಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಆಂಟಿ ನನ್ನ ಕೈಯಿಂದ ಫೋನ್ ಕಸಿದುಕೊಂಡು, "ಮುಟ್ಟಲಿಲ್ಲಪಾ. ನಾ ಹೋಗಂಗಿಲ್ಲ, ನೀ ಚಿಂತೀ ಬಿಡು" ಎಂದು ಇಟ್ಟುಬಿಟ್ಟರು. ಆಮೇಲೆ ಮುಖ ತೊಳೆಯಲು ಹೋಗಿ ತುಂಬ ಹೊತ್ತು ನೀರು ಬಿಟ್ಟುಕೊಂಡೇ ಇದ್ದರು.

ಮರುದಿನ ತಿಂಡಿಯ ಹೊತ್ತಿಗೆ ಆಂಟಿ ಮತ್ತೆ ಆಂಟಿಯೇ. ದ್ವಾದಶಿಯ ಪಾರಣೆಗೆ ಮೊಟ್ಟೆಯಿಲ್ಲದ ನಾಲ್ಕು ತುಂಡು ಬ್ರೆಡ್ಡು ಮುಗಿಸಿ, ನನ್ನ ಮಣಿಕಟ್ಟು ಹಿಡಿದರು. "ನಿನ್ನೆ ಅಷ್ಟು ಎತ್ತರದಾಗ ನಿಂತು ನನ್ನ ಎಷ್ಟು ಹೊತ್ತು ಬೈದಿ, ಗೊತ್ತೈತೇನ? ಒಂದ್ ಸಲಾನೂ ಉಸುರು ತಗೊಳ್ಳಾಕ ನಿಲ್ಲಲಿಲ್ಲ. ನಮ್ಮ ಗೈಡಗೂ ಹಂಗ ಒದರಾಕ ಆಗಂಗಿಲ್ಲ. ತಂಗೀನ ಕರಕೊಂಡ ನೀ ಹೋಗಾಕಿ."

"ನಾನು ದೇವರನ್ನೇ ನಂಬಲ್ಲ ಆಂಟಿ!"

"ನಿನ್ನ ನಂಬಿಕೀ ಯಾರ್ ಕೇಳ್ಯಾರ? ಆಕೀಗ ಕೈ ಹಿಡಿಯಾಕ ಒಬ್ರು ಬೇಕು."

ಮಂಡಿ ನೋವು ಎಂದು ಮತ್ತೆ ಹೇಳುವ ಧೈರ್ಯ ನನಗಾಗಲಿಲ್ಲ. ಹುಬ್ಬಳ್ಳಿಯವರ ಹತ್ತಿರ "ಆಕಿ ನನ್ನ ಮಗಳಿದ್ಧಂಗ, ಮನೀಯಾಕೀನ" ಎಂದು ಒಪ್ಪಿಸಿದ್ದೂ ಆಂಟಿಯೇ. ಹೀಗೆ ಯಾರದೋ ತಂಗಿಯ ಕೈ ಹಿಡಿದು, ನೇಪಾಳದ ಮೇಲಿಂದ, ದಾರಿಯುದ್ದಕ್ಕೂ ಗೊಣಗುತ್ತಾ ನಾನು ಕೈಲಾಸಕ್ಕೆ ಹೋದೆ.

ಆಂಟಿ ಅದಾದ ಮೇಲೆ ಎರಡು ಚಳಿಗಾಲ ಇದ್ದರು. ತಾವು ದುಡಿದ ಆಸ್ಪತ್ರೆಯಲ್ಲೇ ತೀರಿಕೊಂಡರು. ಕೊನೆಯ ವಾರದಲ್ಲೂ ಎಳೆಯ ನರ್ಸುಗಳಿಗೆ ಹಾಸಿಗೆಯ ಹೊದಿಕೆ ಮಡಿಸುವುದು ಹೀಗಲ್ಲ ಹಾಗೆ ಎಂದು ಪಾಠ ಹೇಳುತ್ತಿದ್ದರು. ಎದುರು ಮನೆಗೆ ಈಗ ಯಾರೋ ಬಂದಿದ್ದಾರೆ. ಒಳ್ಳೆಯವರೇ, ನಮ್ಮನ್ನು ಏನೂ ಕೇಳುವುದಿಲ್ಲ. ನನ್ನ ಗಂಡನ ಹುಲ್ಲು ಮೊಣಕಾಲುದ್ದ ಬೆಳೆದಿರುತ್ತದೆ. ಇಷ್ಟೊಂದು ಕಾಟ ಕೊಟ್ಟ ಮನುಷ್ಯರನ್ನು ನಾನು ಬೇರೆ ಕಂಡಿಲ್ಲ, ಇಷ್ಟೊಂದು ನೆನಪಾಗುವವರನ್ನೂ ಕಂಡಿಲ್ಲ. ಅವರು ದಬ್ಬದಿದ್ದರೆ ನಾನು ಏನೂ ನೋಡದೆ ಸಾಯುತ್ತಿದ್ದೆ ಎನ್ನುವುದು ನಿಜ.

ಆ ಯಾತ್ರೆಯಲ್ಲಿ, ಪರಿಕ್ರಮದ ಮೊದಲ ದಿನದ ತಂಗುದಾಣದಲ್ಲಿ ಮೋಡ ಸರಿದು ಕೈಲಾಸದ ಉತ್ತರದ ಮುಖ ಪೂರ್ತಿ ಕಂಡಿತು. ಅಲ್ಲಿ ಫೋನಿನ ಸಿಗ್ನಲ್ ಇತ್ತು. ಹಿಲ್ಸ್‌ಬರೋಗೆ, ಆಂಟಿಗೆ ಫೋನ್ ಹಚ್ಚಿ ತಂಗಿಯ ಕಿವಿಗೆ ಹಿಡಿದೆ, ಆ ಕಡೆಯ ಮಾತು ನನಗೂ ಕೇಳಲೆಂದು ಸ್ಪೀಕರ್ ಹಾಕಿದೆ. ಆಕೆಗೆ ಎಲ್ಲವೂ ಒಟ್ಟಿಗೆ ಕಾಣುವುದಿಲ್ಲ. ತಲೆಯನ್ನು ಸ್ವಲ್ಪ ಸ್ವಲ್ಪವೇ ಹೊರಳಿಸಿ, ತುಣುಕು ತುಣುಕಾಗಿ ನೋಡಬೇಕು. ಹಾಗೆ ನೋಡುತ್ತಾ ಹೇಳಿದರು: "ಅಕ್ಕಾ, ಬೆಳ್ಳಗ ಐತಿ. ನಡುವ ಕರೀ ಗೆರಿ ಅದಾವ, ಅಡ್ಡಡ್ಡ. ಮ್ಯಾಲ ದುಂಡಗ ಐತಿ. ಬಿಸಲ ಬಿದ್ದಲ್ಲಿ ಬೆಣ್ಣಿ ಇಟ್ಟಂಗ ಆಗೈತಿ. ತಡಿ, ಎಡಕ್ಕ ಇನ್ನೂ ಐತಿ…"

ಆ ಕಡೆಯಿಂದ ಒಂದು ಮಾತಿಲ್ಲ. ಏನು ತಿಂದಿ, ಟೊಪ್ಪಿಗೆ ಹಾಕೀಯೇನು, ಏನೂ ಇಲ್ಲ. ಲೈನ್ ಕಟ್ಟಾಯಿತೆಂದು ನನಗೆ ರೇಗಿಹೋಯಿತು. ಫೋನನ್ನು ನನ್ನ ಬಾಯಿಯ ಹತ್ತಿರ ಎಳೆದುಕೊಂಡು, "ಆಂಟಿ! ಆಂಟಿ, ಕೇಳಿಸ್ತಿದ್ಯಾ?" ಎಂದು ಕೂಗಿದೆ.

"ಸುಮ್ಕಿರ ಬೇ" ಅಂದರು ಆಂಟಿ, "ನೋಡಾಕತ್ತೀನಿ."