ಮೂಳೆ ಸರಿಯಾಗಿದೆ

ಎಕ್ಸ್‌ರೇ ಹಾಳೆಯನ್ನು ತಲೆಕೆಳಗಾಗಿ ಹಿಡಿದು, ಎಲ್ಲ ತಿಳಿದವನಂತೆ ‘ಹೂಂ’ ಎನ್ನುವ ಜಾತಿಗೆ ಸೇರಿದವನು ನಾನು. ಅದರಲ್ಲಿ ನನ್ನಂಥವರ ಕಣ್ಣಿಗೆ ಬೀಳುವುದು ಮೂಳೆಯೊಂದೇ, ಬೆಳ್ಳಗೆ, ಠೀವಿಯಿಂದ. ಗಾಳಿ ತುಂಬಿದ ಶ್ವಾಸಕೋಶ ಕಪ್ಪು. ಮಾಂಸ, ರಕ್ತ, ನರವೆಲ್ಲ ಒಂದೇ ಬೂದು ಮಂಜು. ಆ ಮಂಜಿನಲ್ಲೇ ನಮ್ಮ ಶೀನ ಚಿಕ್ಕಪ್ಪನ ಹತ್ತು ವರ್ಷ ಕಳೆದುಹೋಯಿತು.

ಚಿಕ್ಕಪ್ಪ ಹೊಸನಗರದಿಂದ ಹುಲಿಕಲ್ ಘಾಟಿ ಇಳಿಯುವ ಬಸ್ಸಿನ ಡ್ರೈವರ್. ಎಪ್ಪತ್ತರ ದಶಕದ ಕೊನೆಗೆ ಒಮ್ಮೆ ತಿರುವಿನಲ್ಲಿ ಬಸ್ಸು ಜಾರಿ ಚರಂಡಿಗೆ ವಾಲಿತು. ಜನರನ್ನೆಲ್ಲ ಇಳಿಸಿ ಕೊನೆಗೆ ತಾವು ಹಾರಿದಾಗ ಬಲಮಂಡಿ ತಿರುಚಿತು. ತೀರ್ಥಹಳ್ಳಿಯಲ್ಲಿ ತೆಗೆಸಿದ ಎಕ್ಸ್‌ರೇಯನ್ನು ನನ್ನ ಅಪ್ಪ ಕಿಟಕಿಗೆ ಹಿಡಿದು, “ಮೂಳೆ ಎಲ್ಲ ಸರಿಯಾಗೇ ಇದ್ಯಲ್ಲೋ” ಎಂದರು. ಡಾಕ್ಟರೂ ಹಾಗೇ ಅಂದಿದ್ದರು.

ಬಾವು ಇಳಿದರೂ ಬ್ರೇಕ್ ಒತ್ತುವಾಗ ಮಂಡಿ ಕೈಕೊಡುತ್ತಿತ್ತು. ಜನರ ಜೀವದ ಪ್ರಶ್ನೆಯೆಂದು ಚಿಕ್ಕಪ್ಪ ಸ್ಟಿಯರಿಂಗ್ ಬಿಟ್ಟರು. ಘಾಟಿಗೆ ಹೆದರಿದನೆಂದು ಊರು ಆಡಿಕೊಂಡಿತು. ಅಪ್ಪನಂತೂ ಎದುರಿಗೇ, “ಪೆಟ್ಟಾಗಿದ್ದು ಕಾಲಿಗಲ್ಲ ಕಣೋ, ಧೈರ್ಯಕ್ಕೆ” ಅಂದುಬಿಟ್ಟರು. ಚಿಕ್ಕಪ್ಪ ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಮೈಕು ಹಿಡಿದು ಬಸ್ಸುಗಳ ಹೆಸರು ಕೂಗುವ ಕೆಲಸಕ್ಕೆ ಸೇರಿದರು. ಘಾಟಿಯ ಬಸ್ಸನ್ನು ದಿನವೂ ಅವರೇ ಕೂಗಿ ಕಳಿಸುತ್ತಿದ್ದರು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ, ಅಪ್ಪ ತೀರಿಕೊಂಡ ಮರುವರ್ಷ, ಮಂಡಿನೋವು ಹೆಚ್ಚಾಗಿ ಅವರನ್ನು ಸಾಗರದ ಹೊಸ ಡಾಕ್ಟರೊಬ್ಬರ ಬಳಿಗೆ ಕರೆದೊಯ್ದೆ. ಅವರು ಮಂಡಿಯನ್ನು ಹಿಂದೆ ಮುಂದೆ ಎಳೆದು ನೋಡಿ, “ಒಳಗೆ ಮೂಳೆಗಳನ್ನ ಹಿಡಿದಿಡೋ ನಾರು ಹರ್ದಿದೆ. ಹಳೇದು” ಎಂದರು. ವಿದೇಶದ ಪತ್ರಿಕೆಯೊಂದರಲ್ಲಿ ಎಂ.ಆರ್.ಐ. ಎಂಬ ಹೊಸ ಯಂತ್ರದ ಚಿತ್ರ ತೋರಿಸಿದರು. ಅಲ್ಲಿ ಲೋಕವೇ ತಿರುಗುಮುರುಗು: ಮೂಳೆಯ ಗಟ್ಟಿ ಅಂಚು ಕಪ್ಪು, ಒಳಗಿನ ಕೊಬ್ಬು ಬೆಳ್ಳಗೆ, ಎಕ್ಸ್‌ರೇಗೆ ಸುಳಿವೇ ಕೊಡದ ನಾರು ಸ್ಪಷ್ಟವಾದ ಕಪ್ಪು ಪಟ್ಟಿ.

“ಹಂಗಾರೆ ನಾನು ಹೆದ್ರಿದ್ದಲ್ವಾ?” ಚಿಕ್ಕಪ್ಪ ಕೇಳಿದರು.

“ಅಲ್ಲ. ಯಂತ್ರ ಬೇಕಾಗಿರ್ಲಿಲ್ಲ, ಅವತ್ತೇ ಕೈಯಿಂದ ಹಿಡಿದು ನೋಡಿದ್ರೂ ಗೊತ್ತಾಗ್ತಿತ್ತು.”

ಹೊರಗೆ ಬಂದ ಮೇಲೆ ಚಿಕ್ಕಪ್ಪ, “ಅಣ್ಣ ಹೇಳಿದ್ಮೇಲೆ ಹೆದರಿಕೆನೇ ಇರ್ಬೇಕು ಅಂತ ನಾನೂ ನಂಬಿದ್ದೆ ಮಾರಾಯ” ಎಂದರು.

“ಅಪ್ಪ ಇದ್ದಿದ್ರೆ ಇವತ್ತು ತಪ್ಪಾಯ್ತು ಅಂತಿದ್ರು” ಎಂದೆ.

“ನಿಮ್ಮಪ್ಪನಾ? ಆ ಹೊಸ ಮಿಷನ್ನೇ ಸರಿಯಿಲ್ಲ ಅಂತಿದ್ದ!” ಎಂದು ಜೋರಾಗಿ ನಕ್ಕರು. ಆ ಸಂಜೆಯೂ ಘಾಟಿಯ ಬಸ್ಸನ್ನು ಅವರೇ ಕೂಗಿ ಕಳಿಸಿದರು.